ಗೋಡೆಯಾಚೆಯ ಟಪಟಪ

"ಗುರುಗಳೇ, ಧ್ಯಾನಕ್ಕೆ ಕೂತು ಮೂರು ವರ್ಷವಾಯಿತು. ಮನಸ್ಸು ನಿಲ್ಲುತ್ತಿಲ್ಲ. ಹಟ ಹಿಡಿದು ಕೂರಲೋ, ಬಿಟ್ಟು ಬೇರೆ ದಾರಿ ಹಿಡಿಯಲೋ?" ಎಂದು ಶಿಷ್ಯ ಕೇಳಿದ.

"ಸರಿಯಾದ ಜಾಗಕ್ಕೇ ಬಂದೆಯಯ್ಯಾ," ಎಂದರು ಗುರುಗಳು. "ನಾನು ಬಿಟ್ಟಷ್ಟು ದಾರಿಗಳನ್ನು ಈ ಸೀಮೆಯಲ್ಲಿ ಯಾರೂ ನಡೆದೂ ಇಲ್ಲ. ಕೇಳು."

ಒಬ್ಬ ಕುಂಬಾರನಿದ್ದ. ನೀರು ತುಂಬಿಡುವ ದೊಡ್ಡ ಹರವಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಎಂಥ ಹರವಿ ಅಂತೀಯ? ಒಮ್ಮೆ ಒಳಗೆ ಬಿದ್ದ ಬೆಕ್ಕು ಮೇಲೆ ಹತ್ತಿ ಬರುವಷ್ಟರಲ್ಲಿ ಮೂರು ಮರಿ ಹಾಕಿತ್ತು. ಸುಳ್ಳಲ್ಲ, ಆ ಮರಿಗಳಿಗೆ ಹಾಲು ಹಾಕಿದವನೇ ನಾನು.

ಪಕ್ಕದ ಮನೆಗೆ ಇನ್ನೊಬ್ಬ ಕುಂಬಾರ ಬಂದ. ಅವನು ಮಾಡುತ್ತಿದ್ದುದು ಮೊಸರಿನ ಕುಡಿಕೆ. ನಡುವೆ ಒಂದು ಮಣ್ಣಿನ ಗೋಡೆ. ಅರೆ ಒಣಗಿದ ಮಡಕೆಯ ಒಳಗೊಂದು ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಬೇಕು. ತಟ್ಟಿದಷ್ಟೂ ತಳ ಗಟ್ಟಿ. ಬೆಳಗಾದರೆ ಗೋಡೆಯ ಎರಡೂ ಕಡೆ ಟಪಟಪ.

ಹರವಿಯವನ ಕಿವಿ ಯಾವಾಗಲೂ ಆಚೆಯ ಸದ್ದಿನ ಮೇಲೇ. ಅದು ನಿಂತಿತೋ, ಪಕ್ಕದವನು ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ ಎಂದರ್ಥ. ಇವನೂ ತಟ್ಟುವುದನ್ನು ಬಿಟ್ಟು ಇನ್ನೊಂದು ಹರವಿ ಎಳೆದುಕೊಳ್ಳುತ್ತಿದ್ದ. ನಿನ್ನೆ ಮೊನ್ನೆ ಬಂದವನಿಗಿಂತ ಹಿಂದೆ ಬೀಳುವುದುಂಟೇ?

ಮಡಕೆ ಸುಡುವ ಆವಿಗೆಯನ್ನು ಉರಿ ಆರಿದ ಮೇಲೆ ಬಿಚ್ಚಿದರೆ ಇವನ ಹರವಿಗಳ ತಳವೆಲ್ಲ ಬಿರುಕು. ಪಕ್ಕದವನ ಕುಡಿಕೆ ಒಂದೂ ಒಡೆದಿರಲಿಲ್ಲ. ಅವನ ಮಣ್ಣು ಒಳ್ಳೆಯದಿರಬೇಕು ಎಂದುಕೊಂಡ. ಅವನು ಅಗೆಯುವ ಗುಂಡಿಯಿಂದಲೇ ಮಣ್ಣು ಹೊತ್ತು ತಂದ. ಬಿರುಕು. ಅವನು ಉರಿಸುವ ಸೌದೆಯನ್ನೇ ತಂದು ಉರಿಸಿದ. ಮತ್ತೆ ಬಿರುಕು. ಪಕ್ಕದವನ ಅಂಗಳದಲ್ಲಿ ಕುಡಿಕೆಗಳು ಸಾಲಾಗಿ ನಿಂತು ತನ್ನನ್ನೇ ನೋಡಿ ನಗುತ್ತಿರುವಂತೆ ಅವನಿಗೆ ಕಂಡಿತು.

"ಹರವಿಯ ಸಹವಾಸ ಸಾಕು. ನಾಳೆಯಿಂದ ನಾನೂ ಕುಡಿಕೆ ಮಾಡುತ್ತೇನೆ," ಎಂದು ಹೆಂಡತಿಗೆ ಹೇಳಿದ. ತಾತನಿಂದ ಬಂದ ಕಸುಬು ಅಲ್ಲಿಗೆ ಮುಗಿಯುವುದರಲ್ಲಿತ್ತು.

"ಮಾಡಿ, ಯಾರು ಬೇಡ ಅಂದರು?" ಎಂದಳು ಹೆಂಡತಿ. "ಕುಡಿಕೆಗೆ ನೂರು ಏಟು ಸಾಕು, ಹರವಿಗೆ ಐನೂರು ಬೇಕು. ನೀವೋ, ಅವನು ತಟ್ಟುವುದು ನಿಲ್ಲಿಸಿದ ಕೂಡಲೇ ಎದ್ದುಬಿಡುತ್ತೀರಿ. ಪಕ್ಕದ ಮನೆಯವನು ಮುಗಿಸಿದ ಅಂತ ಕೇಳಿಸಿಕೊಂಡು ಗಟ್ಟಿಯಾಗೋಕೆ ನಿಮ್ಮ ಹರವಿಗೇನು ಕಿವಿ ಇದೆಯೇ?"

ಕುಂಬಾರ ಕಲ್ಲು, ಹಲಗೆ ಎತ್ತಿಕೊಂಡ. ಇದ್ದ ಒಂದೇ ಹಸಿ ಹರವಿಯ ಮುಂದೆ ಹೋಗಿ ಕೂತ. ತಟ್ಟತೊಡಗಿದ. ಐವತ್ತಾಯಿತು. ನೂರಾಯಿತು. ಆಚೆಯ ಸದ್ದು ನಿಂತಿತು. ಎತ್ತಿದ ಹಲಗೆ ಇವನ ಕೈಯಲ್ಲೇ ನಿಂತಿತು.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟು ಎಲೆಯಡಿಕೆಗೆ ಕೈ ಹಾಕಿದರು.

"ಆಮೇಲೆ?" ಎಂದ ಶಿಷ್ಯ. "ತಟ್ಟಿದನೋ, ಎದ್ದುಬಿಟ್ಟನೋ?"

"ಅದಿರಲಿ," ಎಂದರು ಗುರುಗಳು. "ಬಿಟ್ಟುಬಿಡಬೇಕು ಅಂತ ನಿನಗನ್ನಿಸಿದ್ದು ನಿನ್ನ ಧ್ಯಾನ ಕೆಟ್ಟ ದಿನವೋ, ನಿನ್ನ ಪಕ್ಕದಲ್ಲಿ ಕೂತವನ ಧ್ಯಾನ ಕೈಗೂಡಿದ ದಿನವೋ?"