ನುಗ್ಗೆ ಗಿಡದ ಬುಡಕ್ಕೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಹಾಲೇಶನಷ್ಟು ಚುರುಕು ಕೈಯವನು ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಮೊದಲು ಆಡಿದವನೂ ಹಾಲೇಶನೇ.

ಗುರು ಪಂಚಾಕ್ಷರಯ್ಯನವರು ಒಂದು ಕಾಲಕ್ಕೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದವರು. ಈಗ ತಗಡಿನ ಶೆಡ್ಡಿನಲ್ಲಿ ನಾಲ್ಕು ಜನ ಶಿಷ್ಯರಿಗೆ ಅದನ್ನೇ ಹೇಳುತ್ತಿದ್ದರು. ಅವರದು ಒಂದೇ ಕಟ್ಟಳೆ. ಬಂದ ದಿನ ಒಂದು ಗಿಡ ನೆಡಬೇಕು, ನಿನ್ನ ಕೆಲಸದಲ್ಲಿ ತೊಳೆದ ನೀರೆಲ್ಲ ಆ ಗಿಡದ ಬುಡಕ್ಕೇ ಹೋಗಬೇಕು.

ಹಾಲೇಶ ನೆಟ್ಟದ್ದು ನುಗ್ಗೆ.

ಅವನ ಕೆಲಸ ಗ್ರಾಫೀನ್ ಆಕ್ಸೈಡಿನದು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಆಮ್ಲಕ್ಕೆ ಹಾಕಿ ಮೊದಲು ಕಂದು ಪುಡಿ ಮಾಡುವುದು. ಆಮೇಲೆ ಆ ಪುಡಿಗೆ ಅಂಟಿದ ಆಮ್ಲಜನಕ ಬಿಡಿಸಿ, ಕರೆಂಟು ಹರಿಯುವ ಕಪ್ಪು ಪುಡಿ ಮಾಡುವುದು. ಬಿಡಿಸುವುದಕ್ಕೆ ವಿಷವಲ್ಲದ ದಾರಿ ಹುಡುಕು ಅಂದಿದ್ದರು ಗುರುಗಳು. ತಿಂಗಳ ಕೊನೆಯ ಸೋಮವಾರ ಪಟ್ಟಣದಲ್ಲಿ ವಿದ್ವಾಂಸರ ಸಭೆ. ಗುರುಗಳು ಹೂಂ ಅಂದರೆ ಮಾತ್ರ ಹಾಲೇಶ ವೇದಿಕೆ ಹತ್ತಿ ಪ್ರಬಂಧ ಓದುವುದು.

ಮೊದಲ ಸಲ ಅವನು ಹೈಡ್ರಜೀನ್ ಹಾಕಿದ. ವಿಷ ಹೌದು, ಆದರೆ ಮಧ್ಯಾಹ್ನದೊಳಗೆ ಪುಡಿ ಕಾಡಿಗೆಯಂತಾಯಿತು. ಗುರುಗಳು ಸೀಸೆಯ ಕಡೆ ನೋಡಲೇ ಇಲ್ಲ. ನೀರು ನುಗ್ಗೆಗೆ ಹಾಕಿದೆಯಾ ಅಂತಷ್ಟೇ ಕೇಳಿದರು. ಹಾಲೇಶ ಅದನ್ನು ಕ್ಯಾನಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದ. ಹಲ್ಲು ಕಚ್ಚಿಕೊಂಡು ವಾಪಸು ಬಂದ.

ಎರಡನೇ ಸಲ ಸಕ್ಕರೆ. ಕುದಿಸಿ ಕುದಿಸಿ ಅವನ ಕಣ್ಣು ಕೆಂಪಾಯಿತೇ ಹೊರತು ಪುಡಿಯ ಕಂದು ಹೋಗಲಿಲ್ಲ. ನುಗ್ಗೆ ಬುಡಕ್ಕೆ ಇರುವೆ ಮುತ್ತಿದವು.

"ಇರುವೆಗೆ ಊಟ ಹಾಕಿದ್ದೀಯ, ಒಳ್ಳೇದು" ಅಂದರು ಗುರುಗಳು. "ಕೆಲಸ ಯಾವಾಗ ಮಾಡ್ತೀಯ?"

ಆವತ್ತು ಹಾಲೇಶ ಊಟ ಬಿಟ್ಟ. ಈ ಮುದುಕರ ಹತ್ತಿರ ಕಲಿಯುವುದಕ್ಕಿಂತ ಎಮ್ಮೆ ಮೇಯಿಸುವುದು ಲೇಸು ಅಂತ ಉಳಿದ ಮೂವರಿಗೂ ಕೇಳುವಂತೆ ಗೊಣಗಿದ.

ಮೂರನೇ ಸಲ ಬೆಟ್ಟದ ನೆಲ್ಲಿಕಾಯಿ ಹಿಂಡಿ ರಸ ಹಾಕಿದ. ಬಿಸಿನೀರಲ್ಲಿಟ್ಟ ಪುಡಿ ಸಂಜೆಯೊಳಗೆ ಕಪ್ಪಾಯಿತು. ಮೀಟರಿನ ತಂತಿ ಹಚ್ಚಿದರೆ ಕರೆಂಟು ಸಲೀಸಾಗಿ ಹರಿಯಿತು. ತೊಳೆದ ನೀರನ್ನು ನುಗ್ಗೆಗೆ ಹೊಯ್ದು ಒಂದು ವಾರ ಕಾದ. ಗಿಡ ಚಿಗುರಿತು.

ಸಭೆಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಗುರುಗಳನ್ನು ಗಿಡದ ಹತ್ತಿರ ಕರೆತಂದ.

"ಇಂಥದ್ದು ನನ್ನ ಬಿಟ್ಟು ಇನ್ಯಾರ ಕೈಲೂ ಆಗ್ತಿರಲಿಲ್ಲ, ಗುರುಗಳೆ."

ಗುರುಗಳು ಒಂದು ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡರು.

"ಗಿಡ ಚೆನ್ನಾಗಿದೆ."

"ಹಾಗಾದ್ರೆ ಹೂಂ ಅನ್ನಿ."

"ನಿನ್ನ ನೀರೆಲ್ಲ ಇದಕ್ಕೇ ಹಾಕಿದೆಯಾ?"

"ಕ್ಯಾನಿನಲ್ಲಿರೋ ವಿಷ ಬಿಟ್ರೆ, ಒಂದು ತೊಟ್ಟೂ ಉಳಿಸದೆ."

"ಕಂದು ಪುಡಿ ಮಾಡಿದಾಗ ತೊಳೆದ ನೀರು?"

ಹಾಲೇಶನಿಗೆ ರೇಗಿಹೋಯಿತು. ಅದು ಮೂರು ತಿಂಗಳ ಹಿಂದಿನ ಮಾತು, ಅದು ಆಮ್ಲದ ನೀರು, ಹತ್ತು ಬಕೆಟ್ಟಾಗಿತ್ತು, ಹಾಕಿದ್ದರೆ ಗಿಡ ಸುಟ್ಟೇ ಹೋಗುತ್ತಿತ್ತು, ಮೊನ್ನೆಯಿಂದ ಬರೀ ತಪ್ಪು ಹುಡುಕುತ್ತಿದ್ದೀರಿ ಅಂತ ಒಂದೇ ಉಸಿರಿಗೆ ಒದರಿದ.

ಗುರುಗಳು ಪೂರ್ತಿ ಕೇಳಿಸಿಕೊಂಡರು.

"ಎಲ್ಲಿ ಚೆಲ್ಲಿದೆ?"

"ಶೆಡ್ಡಿನ ಹಿಂದೆ."

ಗುರುಗಳು ಅತ್ತ ನಡೆದರು. ಹಾಲೇಶ ಕಾಲು ಅಪ್ಪಳಿಸುತ್ತ ಹಿಂಬಾಲಿಸಿದ.

ಶೆಡ್ಡಿನ ಹಿಂಬಾಗಿಲಿಂದ ಹೊಳೆಯ ತನಕ, ಚಾಪೆ ಹಾಸಿದಷ್ಟು ಅಗಲಕ್ಕೆ, ಹುಲ್ಲು ಬೆಳ್ಳಗೆ ಸತ್ತು ಬಿದ್ದಿತ್ತು. ಮೂರು ತಿಂಗಳಿಂದ ಹಾಲೇಶ ದಿನಾ ಅದನ್ನು ತುಳಿದುಕೊಂಡೇ ಸ್ನಾನಕ್ಕೆ ಹೋಗುತ್ತಿದ್ದ.

ಅವನ ದನಿ ತುಸು ಇಳಿಯಿತು. "ಕಂದು ಪುಡಿ ಎಲ್ಲರೂ ಮಾಡೋದೇ ಹೀಗೆ, ಗುರುಗಳೆ. ನನ್ನ ಪ್ರಬಂಧ ಶುರುವಾಗೋದು ಅದಾದ ಮೇಲೆ."

ಗುರುಗಳು ಬಗ್ಗಿ ಒಂದು ಹಿಡಿ ಒಣಹುಲ್ಲು ಕಿತ್ತು ಅವನ ಅಂಗೈಗಿಟ್ಟರು.

"ನಿನ್ನ ಪ್ರಬಂಧ ಎಲ್ಲಿಂದ ಶುರು ಅಂತ ಈ ಹುಲ್ಲಿಗೆ ಯಾರು ಹೇಳಬೇಕಿತ್ತೋ, ಹಾಲೇಶ?"