ಬಡಗಿಯ ಮನೆಯ ಹೊಸ್ತಿಲು

"ಗುರುಗಳೇ, ನನ್ನ ಜೊತೆ ಬಂದವರೆಲ್ಲ ಮುಂದಿನ ಪಾಠಕ್ಕೆ ಹೋದರು. ನಾನು ಮಾತ್ರ ಇದ್ದಲ್ಲೇ ಇದ್ದೇನೆ. ನನ್ನೊಳಗೆ ಏನಾದರೂ ಬೆಳೆಯುತ್ತಿದೆಯೋ, ಇಲ್ಲವೋ? ಇವತ್ತು ಹೇಳಿಬಿಡಿ."

ಮಠದ ಜಗುಲಿಯಲ್ಲಿ ಶಿಷ್ಯರೆಲ್ಲ ಕೂತಿದ್ದರು. ಚನ್ನವೀರನೊಬ್ಬ ಎದ್ದು ಬಂದು, ಗುರುಗಳ ಎದುರಿಗೆ ನಿಂತು ಹೀಗೆ ಕೇಳಿದ. ಉಳಿದವರು ಮುಖ ಮುಖ ನೋಡಿಕೊಂಡರು. ಗುರುಗಳು ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಕೂರು ಎಂದೂ ಹೇಳದೆ ಕತೆ ಶುರುಮಾಡಿದರು.

ಒಂದೂರಲ್ಲಿ ಒಬ್ಬ ಬಡಗಿ ಇದ್ದ. ಮಾನಪ್ಪ ಎಂದು ಹೆಸರು. ಕೆಲಸದಲ್ಲಿ ಗಟ್ಟಿಗ, ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ಮದುವೆಯಾಗಿ ಬಹಳ ವರ್ಷಕ್ಕೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಮನೆದೇವರ ಹೆಸರಿಟ್ಟು ಕಾಳವ್ವ ಎಂದು ಕರೆದರು. ಅಲ್ಲಿಂದ ಮುಂದೆ ಅವನ ಉಳಿಗೂ ಬಾಚಿಗೂ ಒಳ್ಳೆ ವಿಶ್ರಾಂತಿ ಸಿಕ್ಕಿತು ಬಿಡು. ಕಿಟಕಿ ಮಾಡಿಸಬೇಕು ಎಂದು ಬಂದವರು ಮಗು ಆಕಳಿಸಿದ್ದು, ಸೀನಿದ್ದು, ನಿದ್ದೆಯಲ್ಲಿ ನಕ್ಕದ್ದು ಎಲ್ಲವನ್ನೂ ಕೇಳಿಸಿಕೊಂಡು, ಬಂದ ಕೆಲಸವನ್ನೇ ಮರೆತು ಹೋಗುತ್ತಿದ್ದರು.

ಮಗು ಬೋರಲು ಬಿತ್ತು. ಆ ದಿನ ಮನೆಯಲ್ಲಿ ಕಡುಬು. ಕೂತುಕೊಂಡಿತು. ಅಂಬೆಗಾಲಿಟ್ಟಿತು. ಇನ್ನು ಹೊಸ್ತಿಲು ದಾಟುವುದೊಂದು ಬಾಕಿ. ಮಗು ಮೊದಲ ಸಲ ಹೊಸ್ತಿಲು ದಾಟಿ ಹೊರಗೆ ಬಂದ ದಿನ ಹೋಳಿಗೆ ಮಾಡಿ ಓಣಿಗೆಲ್ಲ ಹಂಚುವುದು ಆ ಕಡೆಯ ವಾಡಿಕೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಹೋಳಿಗೆ ಬಂತು. ಅವರ ಮಗು ಕಾಳವ್ವನ ವಾರಿಗೆಯದು. ಆಗಲೇ ಹೊಸ್ತಿಲು ದಾಟಿಬಿಟ್ಟಿತ್ತು. ಮಾನಪ್ಪ ಹೋಳಿಗೆಯನ್ನು ಬಾಯಿಗಿಟ್ಟ. ತುಪ್ಪ ಹಾಕಿದ ಹೋಳಿಗೆಯೇ, ಆದರೂ ಅರ್ಧಕ್ಕೇ ತಟ್ಟೆಯಲ್ಲಿಟ್ಟ.

ಮರುದಿನ ಬೆಳಿಗ್ಗೆಯೇ ಹೋಳಿಗೆಗೆಂದು ಕಡಲೆಬೇಳೆ ನೆನೆಹಾಕಲು ಹೆಂಡತಿಗೆ ಹೇಳಿದ. ತಾನು ಹೊರಗೆ ಕಟ್ಟೆಯ ಮೇಲೆ ಕೂತು, ಕೈಯಲ್ಲಿ ಬೆಲ್ಲದ ಚೂರು ಹಿಡಿದು ಮಗುವನ್ನು ಕರೆದ. ಮಗು ಅಂಬೆಗಾಲಿಟ್ಟು ಬಂತು. ಹೊಸ್ತಿಲಿನ ಮೇಲೆ ಎರಡೂ ಕೈ ಇಟ್ಟಿತು. ಅಪ್ಪನನ್ನು ನೋಡಿ ನಕ್ಕಿತು. ಸ್ವಲ್ಪ ಹೊತ್ತಾದ ಮೇಲೆ ಧೊಪ್ಪನೆ ಕೂತು, ಒಳಗೆ ಹೊರಟುಹೋಯಿತು. ಮಾನಪ್ಪನ ಕಣ್ಣು ಹೊಸ್ತಿಲಿನ ಈಚೆಗೆ ನೆಟ್ಟಿತ್ತು. ಪುಟ್ಟ ಪಾದವೊಂದು ಈಚೆಗೆ ಬಂದು ಬೀಳಬೇಕು, ಅಷ್ಟೇ. ಅದು ಬೀಳಲಿಲ್ಲ. ಮಧ್ಯಾಹ್ನ ಆ ಬೇಳೆ ಸಾರಿಗೆ ಹೋಯಿತು.

ಮರುದಿನವೂ ಅದೇ ಕತೆ. ಅದರ ಮರುದಿನವೂ ಅದೇ. ಬೇಳೆ ಒಂದು ದಿನ ಪಲ್ಯವಾಯಿತು, ಒಂದು ದಿನ ಕೋಸಂಬರಿಯಾಯಿತು. ಮಾನಪ್ಪನ ತಾಯಿ, ಇನ್ನೊಂದು ಕಾಳು ಬೇಳೆ ತಟ್ಟೆಗೆ ಬಿದ್ದರೆ ತಾನೇ ಹೊಸ್ತಿಲು ದಾಟಿ ಮಗಳ ಮನೆಗೆ ಹೋಗುವುದಾಗಿ ಹೇಳಿದಳು. ಮಗು ಮಾತ್ರ ಅದೇ ಖುಷಿಯಲ್ಲಿ ಬರುತ್ತಿತ್ತು, ಕೈ ಇಡುತ್ತಿತ್ತು, ನಗುತ್ತಿತ್ತು, ಹೋಗುತ್ತಿತ್ತು.

ಓಣಿಯಲ್ಲಿ ಬಾಯಿಗೇನು ಬರ? ತಡವಾಗಿ ಹುಟ್ಟಿದ ಮಗುವಲ್ಲವೇ, ಕಾಲಿಗೆ ಇನ್ನೂ ಬಲ ಬಂದಿಲ್ಲವೇನೋ ಎಂದು ನೀರಿಗೆ ಹೊರಟವಳೊಬ್ಬಳು ಅಂದಳು. ಅಂದವಳು ಆಡಿದ್ದನ್ನು ಅಲ್ಲೇ ಮರೆತಳು. ಆ ಮಾತು ಮಾನಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಎಣ್ಣೆ ಹಚ್ಚುವಾಗ ಮಗುವಿನ ಮೀನಖಂಡ ಒತ್ತಿ ಒತ್ತಿ ನೋಡಿದ. ಮಗು ಕಿಲಕಿಲ ನಕ್ಕು ಅವನ ಎದೆಗೇ ಒದೆಯಿತು. ಒದೆ ಬಲವಾಗಿಯೇ ಬಿದ್ದಿತ್ತು, ಆದರೆ ಅವನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೆದರಿದ ಮನುಷ್ಯ ಏನನ್ನು ತಾನೇ ಲೆಕ್ಕಕ್ಕೆ ಹಿಡಿದಾನು? ಈ ಮಗು ನಡೆಯದೇ ಹೋದರೆ ಎಂಬ ಮಾತನ್ನು ಅವನು ಹೆಂಡತಿಯ ಹತ್ತಿರವೂ ಆಡಲಿಲ್ಲ. ಆಡದೆ ಸರಿಯಾಗಿ ಉಣ್ಣಲೂ ಇಲ್ಲ.

ಒಂದು ದಿನ ಅವನಿಗೆ ಥಟ್ಟನೆ ಹೊಳೆಯಿತು: ತಪ್ಪು ಮಗುವಿನದಲ್ಲ, ಹೊಸ್ತಿಲಿನದು! ಹರೆಯದಲ್ಲಿ ತನ್ನ ಕೈಚಳಕ ತೋರಿಸಲು ಹೊನ್ನೆಮರದಿಂದ ಅವನೇ ಮಾಡಿದ ಹೊಸ್ತಿಲು ಅದು. ಓಣಿಯಲ್ಲೇ ಎತ್ತರದ್ದು. ಹೊಸಬರು ಬಂದರೆ ಎಡವದೆ ಒಳಗೆ ಹೋದದ್ದಿಲ್ಲ. ಆದರೆ ತಾಯಿ ದಿನಾ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುವ ಹೊಸ್ತಿಲು. ಅವಳ ಕಣ್ಣೆದುರು ಮುಟ್ಟುವ ಹಾಗಿಲ್ಲ. ಅವಳು ಗುಡಿಗೆ ಹೋದದ್ದನ್ನು ನೋಡಿಕೊಂಡು, ಬೆಣೆ ಬಿಡಿಸಿ ಹೊಸ್ತಿಲನ್ನು ಕಿತ್ತ. ಅಂಗಳದಲ್ಲಿ ಮಲಗಿಸಿ ಬಾಚಿ ಕೈಗೆತ್ತಿಕೊಂಡ.

ಅದೇ ಹೊತ್ತಿಗೆ ಮಗು ಎಂದಿನಂತೆ ಬಂತು. ಬಾಗಿಲಲ್ಲಿ ಹೊಸ್ತಿಲಿಲ್ಲ. ಒಳಗೂ ನೆಲ, ಹೊರಗೂ ನೆಲ. ಮಾನಪ್ಪ ಬಾಚಿ ಕೆಳಗಿಟ್ಟು, ಎರಡೂ ಕೈ ಚಾಚಿ ಕರೆದ. ಮಗು ಬರಲಿಲ್ಲ. ಹೊಸ್ತಿಲು ಇದ್ದ ಜಾಗವನ್ನು ಅಂಗೈಯಿಂದ ತಟ್ಟಿತು. ಆ ಕಡೆ ತಟ್ಟಿತು, ಈ ಕಡೆ ತಟ್ಟಿತು. ಬರಿ ಮಣ್ಣು ಸಿಕ್ಕಿತು. ತುಟಿ ಸೊಟ್ಟ ಮಾಡಿಕೊಂಡು ಗೊಳೋ ಎಂದು ಅತ್ತಿತು.

ಹಿಟ್ಟಿನ ಕೈಯಲ್ಲೇ ಹೆಂಡತಿ ಓಡಿಬಂದಳು. ಬಾಗಿಲು ನೋಡಿದಳು, ಅಂಗಳ ನೋಡಿದಳು, ಗಂಡನನ್ನು ನೋಡಿದಳು.

"ದಿನಾ ಅದನ್ನೇ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದಳು. ಅದನ್ನೇ ಕಿತ್ತುಬಿಟ್ಟಿರಲ್ಲ."

"ನಿಲ್ಲುತ್ತಿದ್ದಳೇ? ಯಾವಾಗ?"

"ನೀವು ಎದುರಿಗೆ ಕೂತು ಬೆಲ್ಲ ತೋರಿಸುತ್ತಿದ್ದಿರಲ್ಲ, ಆವಾಗಲೇ."

ಅವನು ನೋಡಿಯೂ ಸುಮ್ಮನಿದ್ದಾನೆ ಎಂದು ಅವಳು ತಿಳಿದಿದ್ದಳು. ಮಗು ಎದ್ದು ನಿಂತರೂ ಈ ಗಂಡಸಿಗೆ ಒಂದು ಮಾತಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಬೇಜಾರಾಗಿತ್ತು. ಅದನ್ನೂ ಅಂದಳು.

ಮಾನಪ್ಪ ಹೊಸ್ತಿಲಿನ ಒಂದು ಸಿಬಿರೂ ಕೆತ್ತದೆ ಹೊತ್ತು ತಂದು ಇದ್ದಲ್ಲೇ ಕೂರಿಸಿ, ಬೆಣೆ ಬಡಿದ. ಈ ಸಲ ಹೊರಗೆ ಕೂರಲಿಲ್ಲ. ಒಳಗೆ, ಮಗುವಿನ ಹಿಂದೆ ಕೂತ. ಮಗು ಕಣ್ಣೀರು ಆರುವ ಮೊದಲೇ ಹೊಸ್ತಿಲಿಗೆ ಹೋಯಿತು. ಎರಡೂ ಕೈಯಲ್ಲಿ ಹಿಡಿಯಿತು. ಕಾಲಿನ ಬೆರಳು ನೆಲಕ್ಕೆ ಒತ್ತಿಕೊಂಡವು. ಅಂಡು ಮೇಲೆದ್ದಿತು. ಮಂಡಿ ನಡುಗಿತು, ಆಮೇಲೆ ಗಟ್ಟಿಯಾಯಿತು. ಯಾವ ಕಾಲಿಗಾಗಿ ಅವನು ಊಟ ಬಿಟ್ಟಿದ್ದನೋ ಅದೇ ಕಾಲಿನ ಮೇಲೆ ಮಗು ನಿಂತು ಬೀದಿ ನೋಡುತ್ತಿತ್ತು. ಕತ್ತು ತಿರುಗಿಸಿ, ಅಪ್ಪ ಇವತ್ತು ಇಲ್ಲೇಕೆ ಕೂತಿದ್ದಾನೆ ಎಂಬಂತೆ ನೋಡಿ ನಕ್ಕಿತು. ಮಾನಪ್ಪನಿಗೆ ಅಳು ಬಂತು. ಹೆಂಡತಿಯ ಎದುರಿಗೇ ಅತ್ತ.

ಆ ದಿನ ನೆನೆಹಾಕಿದ ಬೇಳೆ ಸಾರಿಗೆ ಹೋಗಲಿಲ್ಲ. ನಿಂತದ್ದಕ್ಕೆಲ್ಲ ನಮ್ಮಲ್ಲಿ ಹೋಳಿಗೆಯ ಪದ್ಧತಿ ಇಲ್ಲ ಎಂದು ಗುಡಿಯಿಂದ ಬಂದ ತಾಯಿ ಹೇಳಿದಳು. ಹಾಗಾದರೆ ನಮ್ಮ ಮನೆಯಿಂದಲೇ ಶುರುವಾಗಲಿ ಎಂದು ಅವನು ಬೆಲ್ಲ ಕುಟ್ಟಲು ಕೂತ. ಮಗಳು ಹೊಸ್ತಿಲು ದಾಟಿದಳೇ ಎಂದು ಓಣಿಯವರು ಕೇಳಿದರು. ಇಲ್ಲ, ನಿಂತಳು ಎಂದ. ಅವರು ನಕ್ಕರು, ಹೋಳಿಗೆ ಚೆನ್ನಾಗಿದೆ ಎಂದು ಇನ್ನೊಂದು ಹಾಕಿಸಿಕೊಂಡರು.

ಕತೆ ಅಲ್ಲಿಗೆ ನಿಂತಿತು. ಚನ್ನವೀರ ಇನ್ನೂ ಕಾದಿದ್ದ. ಗುರುಗಳು ಮುಂದೆ ಹೇಳುವುದು ಕಾಣದೆ, ಮಗು ಕೊನೆಗೆ ಹೊಸ್ತಿಲು ದಾಟಿತೋ ಇಲ್ಲವೋ ಎಂದು ಕೇಳಿದ.

ಗುರುಗಳು ಹೇಳಿದರು: "ಬಂದ ಹೊಸದರಲ್ಲಿ ನೀನು ಕಂಬದ ಮರೆಯಲ್ಲಿ ಕೂತು, ಕೇಳಬೇಕಾದ್ದನ್ನು ಪಕ್ಕದವನ ಕೈಲಿ ಕೇಳಿಸುತ್ತಿದ್ದೆ, ಚನ್ನವೀರ."

ಚನ್ನವೀರ ಗುರುಗಳ ಎದುರಿಗೆ ನಿಂತಿದ್ದ ತನ್ನ ಕಾಲು ನೋಡಿಕೊಂಡ.