ಕೇತಪ್ಪನ ಆಣೆ ಮತ್ತು ಗವಿಗುಡ್ಡದ ಬಿದಿರು

ಗವಿಗುಡ್ಡದ ಬುಡದಲ್ಲಿ, ಜೋಳದ ದಂಟು ಹೊದಿಸಿದ ಗುಡಿಸಲಿನಲ್ಲಿ ಪೂಜ್ಯ ಶ್ರೀ ಕರಿಲಿಂಗಜ್ಜನವರು ವಾಸವಾಗಿದ್ದರು. ಹಾಸಲು ಒಂದು ಕಂಬಳಿ, ಉಣ್ಣಲು ಭಕ್ತರು ತಂದ ಕಟಕ ರೊಟ್ಟಿ, ಇಷ್ಟೇ ಅವರ ಸಂಸಾರ. ಮಾತಿನಲ್ಲಂತೂ ಶ್ರೀಗಳು ಬಹಳ ಜಿಪುಣರು. ದೊಡ್ಡ ಉಪದೇಶ ಬಯಸಿ ಬಂದವರು ಒಂದು ನಗುವನ್ನಷ್ಟೇ ಕಟ್ಟಿಕೊಂಡು ಹೋದದ್ದುಂಟು.

ಒಂದು ಮಾಘಮಾಸದ ಬೆಳಿಗ್ಗೆ ಮೇದಾರ ಕೇರಿಯ ಹಿರಿಯ ಕೇತಪ್ಪ ಅಲ್ಲಿಗೆ ಬಂದ. ಅವನ ತಲೆ ಗೊಂದಲದ ಗೂಡಾಗಿತ್ತು. ಬಹಳ ವರ್ಷಗಳ ಹಿಂದೆ ಕೇರಿಯವರು ಬುಟ್ಟಿ, ಮೊರ ಹೆಣೆದು ಬದುಕುವುದು ಸಾಲದೆಂದು ಗಾಡಿಗಟ್ಟಲೆ ಬಿದಿರು ಕಡಿದು ಪೇಟೆಗೆ ಸಾಗಿಸಿ, ಗುಡ್ಡವನ್ನು ಬೋಳು ಮಾಡಿದ್ದರು. ಒರತೆಗಳು ಬತ್ತಿದ ಮೇಲೆ ನಾಚಿಕೆಯಾಯಿತು. ಆಗ ಕೇತಪ್ಪನೇ ಮುಂದಾಗಿ, ಇನ್ನು ಗುಡ್ಡದ ಒಂದು ಬಿದಿರುಗಳಕ್ಕೂ ಕತ್ತಿ ತಾಗಿಸುವುದಿಲ್ಲವೆಂದು ಎಲ್ಲರಿಂದ ಶ್ರೀಗಳ ಪಾದ ಮುಟ್ಟಿಸಿ ಆಣೆ ಮಾಡಿಸಿದ್ದ. ಅಂದಿನಿಂದ ಕೇರಿಯವರದು ಕಂಡವರ ಹೊಲದಲ್ಲಿ ಕೂಲಿ. ಬಿದಿರು ಕಂಡರೆ ಆಸೆ ಹುಟ್ಟೀತೆಂದು ಕೇತಪ್ಪ ಗುಡ್ಡ ಹತ್ತುವುದನ್ನೇ ಬಿಟ್ಟಿದ್ದ.

ಈಗ ಆಣೆ ಮುರಿದಿತ್ತು, ಮುರಿದವಳು ಅವನ ಸ್ವಂತ ಸೊಸೆ ಈರವ್ವ. ಅವನ ಮಗಳು ಹೆತ್ತಿದ್ದಳು. ಹುಟ್ಟಿದ ಕೂಸನ್ನು ಹೊಸ ಮೊರದಲ್ಲಿ ಮಲಗಿಸುವುದು ರೂಢಿ. ಊರಿಗೆಲ್ಲ ಮೊರ ಹೆಣೆದುಕೊಟ್ಟ ಕೇರಿಯಲ್ಲಿ ಅಂದು ಹುಡುಕಿದರೂ ಒಂದು ಮೊರವಿಲ್ಲ! ಈರವ್ವ ಯಾರನ್ನೂ ಕೇಳದೆ ಗುಡ್ಡಕ್ಕೆ ಹೋಗಿ ಒಂದು ಗಳ ಕಡಿದು ತಂದು ಮೊರ ಹೆಣೆದಳು. ಆಣೆ ಮುರಿದವರು ಕೇರಿ ಬಿಡಬೇಕೆಂದು ಕಟ್ಟಳೆ ಮಾಡಿದವನು ಕೇತಪ್ಪನೇ. ಅತ್ತ ದರಿ, ಇತ್ತ ಪುಲಿ.

"ಅಜ್ಜಾರ, ಸೊಸಿನ್ನ ಕೇರಿ ಬಿಡಸ್ಲಿಲ್ಲಂದ್ರ ನಿಮ್ಮ ಪಾದಕ್ಕ ದ್ರೋಹ ಆಕ್ಕೈತ್ರಿ. ಬಿಡಸಿದ್ರ ಕೂಸಿನ ಮಾರಿ ಹೆಂಗ ನೋಡ್ಲಿ? ನನಗ ಒಂದೂ ತಿಳಿವಲ್ದ್ರಿ."

ಶ್ರೀಗಳು ಕೋಲು ಹಿಡಿದು ಗುಡ್ಡ ಹತ್ತತೊಡಗಿದರು. ಕೇತಪ್ಪ ಹಿಂಬಾಲಿಸಿದ.

ದೂರದಿಂದ ಬಿದಿರುಮೆಳೆಗಳ ಹಸಿರು ಕಂಡು ಅವನ ಎದೆ ಉಬ್ಬಿತು. ಹತ್ತಿರ ಹೋದರೆ ಬೇರೆಯೇ ನೋಟ. ಒಣಗಿದ ಗಳಗಳು ಬೀಳಲೂ ಜಾಗವಿಲ್ಲದೆ ಒಂದಕ್ಕೊಂದು ಒರಗಿ ನಿಂತಿದ್ದವು. ಎಳೆಯವು ಸಂದಿನಲ್ಲಿ ಸಿಕ್ಕು ಸೊಟ್ಟಗಾಗಿದ್ದವು, ಕೆಲವು ಮೊಳಕೆಯಲ್ಲೇ ಕೊಳೆತಿದ್ದವು. ಬಲಿತದ್ದನ್ನು ಆಗಾಗ ತೆಗೆಯದಿದ್ದರೆ ಮೆಳೆ ಉಸಿರುಗಟ್ಟಿ ಸಾಯುತ್ತದೆಂದು ಹುಟ್ಟು ಮೇದಾರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಮೆಳೆಯ ನಡುವೆ ಮಾತ್ರ ಒಂದಿಷ್ಟು ಗಾಳಿ, ಬೆಳಕು. ಅಲ್ಲಿ ಬಲಿತ ಒಂದೇ ಗಳವನ್ನು ಗಿಣ್ಣಿನ ಮೇಲೆ ಅಚ್ಚುಕಟ್ಟಾಗಿ ಕಡಿಯಲಾಗಿತ್ತು, ಪಕ್ಕದ ಎಳೆಯವಕ್ಕೆ ಒಂದು ಗೀರೂ ಇಲ್ಲ. ಈರವ್ವನ ಕೈಕೆಲಸವೆಂದು ಅವನಿಗೆ ಹೊಳೆಯಿತು.

"ಇದೇನ್ರೀ ಅಜ್ಜಾರ? ಕಡದಾಗೂ ಸತ್ತಿತು, ಕಾಯ್ದಾಗೂ ಸಾಯಾಕತ್ತೈತಿ!"

"ಅವಾಗ ಎಲ್ಲಾ ಕಡದ್ರಿ. ಈಗ ಎಲ್ಲಾ ಬಿಟ್ರಿ. ಎರಡೂ ಸಲ ಬಿದಿರಿನ ಮಾರಿ ನೋಡ್ಲಿಲ್ಲ. ಆಕಿ ನೋಡ್ಯಾಳ."

"ಮತ್ತ ಆಣಿ?"

"ಆಣಿ ಇಸಗೊಂಡಾಂವ ನಾನು. ತಪ್ಪು ನಂದು."

ದೇವರಂಥ ಗುರುಗಳು ತಪ್ಪೊಪ್ಪಿಕೊಳ್ಳುವುದೆಂದರೇನು? ಕೇತಪ್ಪ ಅಲ್ಲೇ ಕೂತು ಮಗುವಿನಂತೆ ಅತ್ತ. ಶ್ರೀಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

ಅಂದು ಸಂಜೆ ಕೇರಿ ಕಂಡು ಕೇಳರಿಯದ್ದು ನಡೆಯಿತು. ಎಲ್ಲರೆದುರು ಮಾವ ಸೊಸೆಗೆ ಕೈಮುಗಿದ. "ಯವ್ವಾ, ನಾಳೆ ಗುಡ್ಡಕ್ಕ ನೀ ಮುಂದಾಗು. ಯಾವುದು ತೆಗೀಬೇಕು, ಯಾವುದು ಬಿಡಬೇಕು, ತೋರ್ಸು." ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಈರವ್ವ ಅಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೇತಪ್ಪನ ಗೊಂದಲ ಅಂದಿಗೇ ತೀರಿತೆಂದರೆ ಸುಳ್ಳಾದೀತು. ಗುರುಕೃಪೆಯಿಂದ ಅದು ಕಡೆತನಕ ಅವನಲ್ಲಿ ಉಳಿಯಿತು. ಪ್ರತಿ ಮೆಳೆಯ ಮುಂದೆಯೂ ಅವನು ಕತ್ತಿ ಕೆಳಗಿಟ್ಟು, ಸುತ್ತು ಹಾಕಿ, ತಲೆ ಕೆರೆದುಕೊಳ್ಳುತ್ತ ನಿಲ್ಲುತ್ತಿದ್ದ. "ಇನ್ನೂ ತಿಳೀಲಿಲ್ಲೇನೋ ಕೇತಪ್ಪಾ?" ಎಂದು ಜನ ಚೇಷ್ಟೆ ಮಾಡಿದರೆ ಅವನು ಗುಡಿಸಲಿನ ದಿಕ್ಕಿಗೆ ಕೈಮುಗಿದು ಹೇಳುತ್ತಿದ್ದ: "ಎಲ್ಲಾ ತಿಳೀತು ಅಂದಾಗೆಲ್ಲ ಗುಡ್ಡ ಹಾಳ ಮಾಡೀನ್ರಿ."